ಕಾಫಿ ಕಣದಿಂದ ರೆಗಾಟಾ ಗೆರೆಗೆ: ಕೊಡಗಿನ ಗೆಳೆಯರ ಗುಂಪಿಗೆ ಹಾಯಿದೋಣಿ ಸ್ಪರ್ಧೆಯ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಸಮುದ್ರವಿಲ್ಲ, ರೈಲೂ ಇಲ್ಲ. ಹಾಗಿದ್ದೂ ಹಾಯಿದೋಣಿ ನಮ್ಮವರಿಗೆ ನಿಲುಕದ್ದಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ವರುಣ್ ಠಕ್ಕರ್ ಜೊತೆ ಫಾರ್ಟಿನೈನರ್ ದೋಣಿಯಲ್ಲಿ ಕಂಚು ಗೆದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿಬಂದ ಕೆ.ಸಿ. ಗಣಪತಿ ಕೊಡವ ಮನೆತನದವರು. ಅವರು ಕಲಿತು ಬೆಳೆದದ್ದು ಚೆನ್ನೈನ ಕಡಲಲ್ಲಿ.

ಈ ಬರಹ ಒಲಿಂಪಿಕ್ಸ್ ಕನಸಿನವರಿಗಲ್ಲ. ತೋಟ, ಅಂಗಡಿ, ಬ್ಯಾಂಕು, ಶಾಲೆ ಅಂತ ಕೆಲಸ ನೋಡಿಕೊಂಡೇ ವರ್ಷಕ್ಕೊಮ್ಮೆ ಗೆಳೆಯರು ಸೇರಿ ಒಂದು ಹವ್ಯಾಸಿ ರೆಗಾಟಾದಲ್ಲಿ, ಅಂದರೆ ಹಾಯಿದೋಣಿಗಳ ಸ್ಪರ್ಧಾಕೂಟದಲ್ಲಿ, ಭಾಗವಹಿಸಬೇಕು ಅನ್ನುವವರಿಗೆ. ನನ್ನ ಅನುಭವದಲ್ಲಿ ಹೊಸ ಗುಂಪುಗಳು ಎಡವುವುದು ಗಾಳಿಯ ಲೆಕ್ಕದಲ್ಲಿ ಅಲ್ಲವೇ ಅಲ್ಲ. ಯಾರ ಕೈಯಲ್ಲಿ ಯಾವ ಹಗ್ಗ, ಯಾರ ಮಾತು ಕೊನೆಯ ಮಾತು ಎಂಬುದು ಗೊತ್ತಿಲ್ಲದೆ ಎಡವುತ್ತಾರೆ. ಅದನ್ನು ಕಲಿಯಲು ಸಮುದ್ರ ಬೇಕಿಲ್ಲ, ಮನೆ ಮುಂದಿನ ಕಾಫಿ ಕಣವೇ ಸಾಕು. ನೀರಿಗಿಳಿಯುವ ಮೊದಲಿನ ತಯಾರಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

1. ಮೊದಲು ಕ್ಯಾಲೆಂಡರ್ ಹಿಡಿದು ಕೂರಿ

ತೋಟದ ಮನೆಗಳಲ್ಲಿ ವರ್ಷದ ದಿನಗಳು ಮೊದಲೇ ಹಂಚಿಹೋಗಿರುತ್ತವೆ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಹೊಸ ವರ್ಷದಿಂದ ಮಾರ್ಚ್‌ವರೆಗೆ ರೊಬಸ್ಟಾ. ನಡುವೆ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು, ಕರಿಮೆಣಸು ಕೊಯ್ಯಬೇಕು. ಏಪ್ರಿಲ್, ಮೇ ತಿಂಗಳು ಕೌಟುಂಬಿಕ ಹಾಕಿ ಹಬ್ಬಕ್ಕೆ ಮೀಸಲು. 1997ರಿಂದ ನಡೆದುಬಂದ ಹಬ್ಬ ಅದು. ಮನೆತನದ ತಂಡಕ್ಕೆ ಆಡುವ ಗೆಳೆಯ ಆಗ ನಿಮ್ಮ ಕೈಗೆ ಸಿಗುವುದಿಲ್ಲ, ಸಿಗಬೇಕೆಂದು ಒತ್ತಾಯಿಸಲೂ ಬಾರದು.

ಕಡಲಿಗೂ ಅದರದ್ದೇ ಕ್ಯಾಲೆಂಡರ್ ಇದೆ. ಮುಂಬೈಯಲ್ಲಿ ಮುಂಗಾರು ಕಾಲಿಟ್ಟರೆ ದೋಣಿಗಳು ದಡ ಸೇರುತ್ತವೆ. ಅಲ್ಲಿ ಹಾಯಿ ಬಿಚ್ಚುವುದು ಅಕ್ಟೋಬರ್‌ನಿಂದ ಮೇವರೆಗೆ. ಚೆನ್ನೈಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಚಂಡಮಾರುತಗಳ ಕಾಲವೂ ಅದೇ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಜುಲೈ ಹೊತ್ತಿಗೆ ಮುಂಗಾರು ಗಾಳಿ ಚೆನ್ನಾಗಿ ಬೀಸುವುದರಿಂದ ದೊಡ್ಡ ಸ್ಪರ್ಧೆ ಆಗ ನಡೆಯುತ್ತದೆ, ಆದರೆ ಅಲ್ಲಿ ಹೆಚ್ಚಿನವು ಒಬ್ಬರೇ ನಡೆಸುವ ಸಣ್ಣ ದೋಣಿಗಳು. ಐವರು ಒಟ್ಟಿಗೆ ಆಡುವ ಖುಷಿ ಅದರಲ್ಲಿ ಸಿಗದು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮಗೆ ಹೊಂದುವುದು ಕೈಲ್ ಪೋದ್ ಹಬ್ಬ ಮುಗಿದ ಮೇಲಿನ ದಿನಗಳು, ಅರೇಬಿಕಾ ಕೊಯ್ಲಿಗೆ ಆಳು ಹುಡುಕುವ ಮೊದಲು. ಅಂದರೆ ಅಕ್ಟೋಬರ್, ಅಂದರೆ ಮುಂಬೈ. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಆ ವಾರ ಬಿಟ್ಟು ಗುರುತು ಹಾಕಿ. ಎರಡನೆಯ ಆಯ್ಕೆ ರೊಬಸ್ಟಾ ಮುಗಿದು ಹಾಕಿ ಶುರುವಾಗುವ ನಡುವಿನ ಕಿರಿದಾದ ಬಿಡುವು. ಆಗ ಚೆನ್ನೈಯೂ ಆದೀತು, ಮುಂಬೈಯೂ ಆದೀತು.

ಈ ಗುರುತು ಹಾಕುವ ಕೆಲಸವನ್ನು ಒಂದು ವರ್ಷ ಮೊದಲೇ ಮಾಡಿ. ಐದು ಮನೆಗಳ ಮದುವೆ, ನಾಮಕರಣಗಳನ್ನೂ ಆ ಹಾಳೆಯಲ್ಲೇ ಬರೆಯಿರಿ.

2. ಐವರು, ಜೊತೆಗೊಬ್ಬರು

ಗೆಳೆಯರ ಗುಂಪಿಗೆ ನಾನು ಸೂಚಿಸುವುದು ಜೆ/80 ಥರದ ಕೀಲ್ ದೋಣಿ. ಎಂಟು ಮೀಟರ್ ಉದ್ದ, ನಾಲ್ಕೈದು ಜನ ಬೇಕು. ತಳದಲ್ಲಿ ಸೀಸದ ಭಾರ ಇರುವುದರಿಂದ ಡಿಂಗಿ ಎಂಬ ಸಣ್ಣ ಹಗುರ ದೋಣಿಯಂತೆ ಮಾತುಮಾತಿಗೆ ಮಗುಚುವುದಿಲ್ಲ.

ಐವರ ಕೆಲಸ ಹೀಗೆ. ಹಿಂದೆ ಚುಕ್ಕಾಣಿ ಹಿಡಿಯುವವರು. ಅವರ ಮುಂದೆ ಮೇನ್, ಅಂದರೆ ದೊಡ್ಡ ಹಾಯಿ ನೋಡಿಕೊಳ್ಳುವವರು. ನಡುವೆ ಮುಂದಿನ ಹಾಯಿಯಾದ ಜಿಬ್‌ನ ಹಗ್ಗಗಳಿಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು. ಎಲ್ಲರಿಗಿಂತ ಮುಂದೆ, ಮೂತಿಯ ಬಳಿ, ಹಗುರ ದೇಹದ ಚುರುಕಿನವರು. ಸ್ಪಿನೇಕರ್ ಎಂಬ ಬಲೂನಿನಂಥ ಹಾಯಿ ಏರಿಸಿ ಇಳಿಸುವುದು, ಪಕ್ಕದ ದೋಣಿ ಎಷ್ಟು ದೂರ ಎಂದು ಕೂಗಿ ಹೇಳುವುದು ಅವರ ಪಾಲು. ಸಮಯ ಹೇಳುವ ಕೆಲಸವನ್ನು ಜಿಬ್‌ನವರಲ್ಲಿ ಒಬ್ಬರಿಗೆ ಕೊಡಿ.

ಆರನೆಯವರೊಬ್ಬರು ಕಾಯ್ದಿರಿಸಿದವರಾಗಿ ಇರಲೇಬೇಕು. ಕೊನೇ ವಾರದಲ್ಲಿ ಆನೆ ತೋಟಕ್ಕೆ ನುಗ್ಗಿತು, ಅಪ್ಪನಿಗೆ ಹುಷಾರಿಲ್ಲ ಎಂದು ಯಾರಾದರೂ ಹಿಂದೆ ಉಳಿಯುವುದು ಸಹಜ. ಆರನೆಯವರು ಅಭ್ಯಾಸಕ್ಕೆ ಎಲ್ಲರಂತೆ ಬರುತ್ತಿರಬೇಕು.

ಚುಕ್ಕಾಣಿಗೆ ಗುಂಪಿನ ಅತಿ ಬಲಶಾಲಿಯನ್ನು ಕೂರಿಸುವ ತಪ್ಪು ಮಾಡಬೇಡಿ. ದನಿ ಏರಿಸದೆ ಮಾತಾಡುವವರು, ಬೇರೆಯವರು ಹೇಳಿದ್ದು ಕಿವಿಗೆ ಹಾಕಿಕೊಳ್ಳುವವರು ಬೇಕು. ಯಾರ ಮಾತು ಅಂತಿಮ ಎಂಬುದನ್ನು ಊರಿನಲ್ಲೇ ತೀರ್ಮಾನಿಸಿ. ವಯಸ್ಸಿನಲ್ಲಿ ಕಿರಿಯ ಹುಡುಗಿ ಚುಕ್ಕಾಣಿಯಲ್ಲಿದ್ದರೆ, ದೋಣಿಯಲ್ಲಿ ಇರುವಷ್ಟು ಹೊತ್ತು ಅಣ್ಣಂದಿರೂ ಮಾವಂದಿರೂ ಅವಳ ಮಾತು ಕೇಳಬೇಕು. ಇದನ್ನು ಒಪ್ಪಲಾಗದವರು ದಡದಲ್ಲಿ ನಿಂತು ಚಪ್ಪಾಳೆ ತಟ್ಟಲಿ, ಅದೂ ದೊಡ್ಡ ಬಲವೇ.

ಮೊದಲ ರೆಗಾಟಾಕ್ಕೆ ಆ ಊರಿನ ಕ್ಲಬ್‌ನ ಅನುಭವಿಯೊಬ್ಬರನ್ನು ದೋಣಿಯಲ್ಲಿ ಕರೆದುಕೊಳ್ಳಿ ಎಂಬುದು ನನ್ನ ಒತ್ತಾಯ. ಅಂಥವರನ್ನು ಹುಡುಕುವುದು ಕೊಡಗಿನವರಿಗೆ ಸುಲಭ. ಸೇನೆಯಲ್ಲಿ ಯಾರೂ ಇಲ್ಲದ ಮನೆ ನಮ್ಮಲ್ಲಿ ಎಷ್ಟಿದ್ದೀತು? ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು, ಸಿಕಂದರಾಬಾದಿನಲ್ಲಿ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಇಎಂಇಯವರು ಹಾಯಿದೋಣಿ ಕ್ರೀಡೆಯನ್ನು ಬೆಳೆಸಿದ್ದಾರೆ. ನೌಕಾಪಡೆಯವರ ಮಾತಂತೂ ಬೇಡ. ನಿವೃತ್ತ ಕರ್ನಲ್ ಮಾವನಿಗೆ ಒಂದು ಫೋನ್ ಮಾಡಿ, "ಮಾವ, ನಿಮ್ಮ ಬ್ಯಾಚಿನಲ್ಲಿ ಹಾಯಿದೋಣಿ ನಡೆಸುತ್ತಿದ್ದವರು ಯಾರಾದರೂ ಮುಂಬೈಯಲ್ಲಿ ಇದ್ದಾರಾ?" ಎಂದು ಕೇಳಿ ನೋಡಿ.

3. ತೋಟದ ಕೆರೆಯಲ್ಲಿ ಬಟ್ಟೆ ಸಮೇತ

ದುಬಾರೆಯಲ್ಲೋ ಬರಪೊಳೆಯಲ್ಲೋ ರಾಫ್ಟಿಂಗ್ ಮಾಡಿದವರಿಗೆ ಲೈಫ್ ಜಾಕೆಟ್ ಹೊಸದಲ್ಲ. ಆದರೂ ಈಜು ಬಾರದವರನ್ನು ಸ್ಪರ್ಧೆಗೆ ಕರೆದೊಯ್ಯಬೇಡಿ. ಅನೇಕ ಕ್ಲಬ್‌ಗಳು ಈಜಿನ ಪರೀಕ್ಷೆ ಮಾಡಿಯೇ ದೋಣಿ ಹತ್ತಿಸುತ್ತವೆ.

ಈಜು ಬರುವವರೂ ಒಂದು ಅಭ್ಯಾಸ ಮಾಡಬೇಕು. ಅಂಚು ಭದ್ರವಾಗಿರುವ, ಕೆಸರಿಲ್ಲದ ತೋಟದ ಕೆರೆಯೊಂದನ್ನು ಆರಿಸಿ. ಇಬ್ಬರು ದಡದಲ್ಲಿ ಹಗ್ಗ ಹಿಡಿದು ನಿಲ್ಲಲಿ. ಉಳಿದವರು ಪ್ಯಾಂಟು, ಅಂಗಿ, ಶೂ, ಅದರ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಒಬ್ಬೊಬ್ಬರಾಗಿ ಇಳಿಯಲಿ. ನೀರಿಗೆ ಬಿದ್ದ ಕ್ಷಣ ಜಾಕೆಟ್ ಕಿವಿಯವರೆಗೆ ಮೇಲೇರಿದರೆ ಪಟ್ಟಿ ಸಡಿಲ ಇದೆ ಎಂದರ್ಥ. ಬಿಗಿ ಮಾಡಿ ಮತ್ತೆ ಇಳಿಯಿರಿ. ಮೊಣಕಾಲು ಎದೆಗೆ ಮಡಚಿ, ಬೆನ್ನ ಮೇಲೆ ತೇಲುತ್ತಾ ಐದು ನಿಮಿಷ ಸುಮ್ಮನಿರುವುದು ಕಲಿಯಿರಿ. ಆಮೇಲೆ ದಡದವರು ಹಗ್ಗ ಎಸೆಯಲಿ. ಎಸೆದ ಹಗ್ಗ ಬಿದ್ದವರ ತಲೆಯಿಂದ ಆಚೆ, ಭುಜದ ಪಕ್ಕಕ್ಕೆ ಬೀಳಬೇಕು. ಮೊದಮೊದಲು ಯಾರ ಹಗ್ಗವೂ ಅಲ್ಲಿಗೆ ಬೀಳುವುದಿಲ್ಲ. ಬೀಳುವವರೆಗೂ ಎಸೆಯಿರಿ.

ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಿಗೆ ಅನುಮತಿ ಇಲ್ಲದೆ ದೋಣಿ ಇಳಿಸುವ ಯೋಚನೆ ಬೇಡ. ಮಳೆಗಾಲದಲ್ಲಿ ಅಲ್ಲಿನ ಒಳಹರಿವು ಗಂಟೆಗಳಲ್ಲಿ ಏರುತ್ತದೆ.

4. ಕಲಿಯಲು ಎಲ್ಲಿಗೆ ಹೋಗಬೇಕು

ಕನಿಷ್ಠ ಮೂವರು ನಿಜವಾದ ನೀರಿನಲ್ಲಿ, ನಿಜವಾದ ಗಾಳಿಯಲ್ಲಿ ಒಂದು ಪ್ರಾಥಮಿಕ ಕೋರ್ಸ್ ಮುಗಿಸಿರಬೇಕು. ಮುಂಬೈ, ಚೆನ್ನೈ, ಹೈದರಾಬಾದಿನ ಕ್ಲಬ್‌ಗಳಲ್ಲಿ ತರಬೇತಿ ನಡೆಯುತ್ತದೆ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಒಂದೇ ಕೋರ್ಸಿಗೆ ಎಲ್ಲರೂ ಹೋಗಬೇಕಿಲ್ಲ. ಹೋಗಿಬಂದವರು ಊರಿನಲ್ಲಿ ಉಳಿದವರಿಗೆ ಕಲಿಸಲಿ. ಕಲಿಸಲು ಹೊರಟಾಗಲೇ ನಮಗೆ ಎಷ್ಟು ಅರ್ಥವಾಗಿದೆ ಎಂದು ತಿಳಿಯುವುದು.

ಕೋರ್ಸಿನಲ್ಲಿ ಮೈಗೂಡಬೇಕಾದ ಒಂದು ವಿಷಯ ಇದು: ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಎರಡೂ ಬದಿಗೆ ಸುಮಾರು 45 ಡಿಗ್ರಿಯೊಳಗೆ ಅದಕ್ಕೆ ಪ್ರವೇಶವಿಲ್ಲ. ಹಾಗಾಗಿ ಎದುರುಗಾಳಿಯತ್ತ ಹೋಗಬೇಕಾದರೆ, ನಮ್ಮ ಘಾಟಿ ರಸ್ತೆ ಬೆಟ್ಟ ಹತ್ತುವ ಹಾಗೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ ಏರಬೇಕು. ಆ ಪ್ರತಿ ತಿರುವಿಗೂ ಟ್ಯಾಕ್ ಎಂದು ಹೆಸರು. ಸ್ಪರ್ಧೆಯ ಅರ್ಧ ಕೆಲಸ ಟ್ಯಾಕ್‌ನದ್ದೇ.

5. ಪ್ರಕಟಣೆ ಓದಿ, ದುಡ್ಡಿನ ಮಾತು ಮುಗಿಸಿ

ಪ್ರತಿ ರೆಗಾಟಾಕ್ಕೂ ಎರಡು ಕಾಗದಗಳಿರುತ್ತವೆ. ತಿಂಗಳುಗಳ ಮೊದಲು ಬರುವುದು ನೋಟಿಸ್ ಆಫ್ ರೇಸ್: ಯಾರು ಭಾಗವಹಿಸಬಹುದು, ಯಾವ ವರ್ಗದ ದೋಣಿ, ಶುಲ್ಕ, ವಿಮೆ, ಹೆಸರು ಕೊಡುವ ಕೊನೆಯ ದಿನ. ಸ್ಪರ್ಧೆಯ ಹೊತ್ತಿಗೆ ಸಿಗುವುದು ಸೇಲಿಂಗ್ ಇನ್‌ಸ್ಟ್ರಕ್ಷನ್ಸ್: ಯಾವ ಹಾದಿ, ಯಾವ ಬಾವುಟ, ಎಷ್ಟು ಸುತ್ತು, ದೂರು ಕೊಡಲು ಎಷ್ಟು ಹೊತ್ತು. ಎರಡನ್ನೂ ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿ. ಭಾರತೀಯ ಯಾಟಿಂಗ್ ಸಂಸ್ಥೆಯ ನೋಂದಣಿ ಬೇಕು ಎಂದು ಬರೆದಿದ್ದರೆ ಅದಕ್ಕೆ ಮೊದಲೇ ಅರ್ಜಿ ಹಾಕಿ.

ಕ್ಲಬ್‌ನ ಕಾರ್ಯದರ್ಶಿಗೆ ಒಂದು ಚೊಕ್ಕ ಪತ್ರ ಬರೆಯಿರಿ. ನಾವು ಇಂಥವರು, ಇಷ್ಟು ಕಲಿತಿದ್ದೇವೆ, ದೋಣಿ ಬಾಡಿಗೆಗೆ ಸಿಗುವುದೇ, ಅನುಭವಿ ಸ್ಕಿಪ್ಪರ್ (ದೋಣಿಯ ಮುಖ್ಯಸ್ಥ) ಒಬ್ಬರು ಜೊತೆ ಬರಬಹುದೇ, ಹಿಂದಿನ ದಿನ ಅಭ್ಯಾಸಕ್ಕೆ ದೋಣಿ ಕೊಡುವಿರಾ. ಕಲಿತದ್ದನ್ನು ಹಿಗ್ಗಿಸಿ ಬರೆಯಬೇಡಿ. ಆ ಪತ್ರದ ಮೇಲೆ ಅವರು ನಿಮ್ಮ ಜೀವದ ಜವಾಬ್ದಾರಿ ಹೊರುತ್ತಾರೆ.

ಖರ್ಚಿನ ಬಾಬ್ತುಗಳು: ಪ್ರವೇಶ ಶುಲ್ಕ, ದೋಣಿ ಬಾಡಿಗೆ, ವಿಮೆ, ಪ್ರಯಾಣ, ವಸತಿ, ಮತ್ತು ಠೇವಣಿ. ಗೆಳೆತನ ಕೆಡಿಸುವುದು ಈ ಕೊನೆಯದು. ಹಾಯಿ ಹರಿದರೆ, ಇನ್ನೊಂದು ದೋಣಿಗೆ ತಾಗಿದರೆ ಠೇವಣಿಯಿಂದ ಮುರಿದುಕೊಳ್ಳುತ್ತಾರೆ. ಯಾರ ಕೈತಪ್ಪಿನಿಂದ ಏನೇ ಆದರೂ ಐವರೂ ಸಮನಾಗಿ ಹಂಚಿಕೊಳ್ಳುತ್ತೇವೆ ಎಂದು ಹೊರಡುವ ಮೊದಲೇ ಮಾತಾಗಿ, ಹಣವನ್ನು ಒಬ್ಬರ ಖಾತೆಗೆ ಹಾಕಿಬಿಡಿ.

6. ಕಾಫಿ ಕಣದಲ್ಲಿ ಸ್ಪರ್ಧೆ

ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಪಾಠಶಾಲೆ ಈ ಆಟಕ್ಕೆ ಇಲ್ಲ. ಸೀಮೆಸುಣ್ಣದಿಂದ ಕಣದ ಮೇಲುತುದಿಯಿಂದ ಕೆಳಕ್ಕೆ ಒಂದು ದೊಡ್ಡ ಬಾಣ ಎಳೆಯಿರಿ, ಅದು ಗಾಳಿ. ಕೆಳಗಡೆ ಬಾಣಕ್ಕೆ ಅಡ್ಡವಾಗಿ ಹದಿನೈದು ಇಪ್ಪತ್ತು ಹೆಜ್ಜೆಯ ಒಂದು ಗೆರೆ, ಅದು ಸ್ಟಾರ್ಟ್ ಲೈನ್. ಗಾಳಿಗೆ ಮುಖ ಮಾಡಿ ನಿಂತವರ ಬಲಕ್ಕೆ, ಗೆರೆಯ ತುದಿಯಲ್ಲಿ, ಒಂದು ಕುರ್ಚಿ ಇಡಿ. ಅದು ಸ್ಪರ್ಧೆ ನಡೆಸುವವರ ದೋಣಿ. ಇನ್ನೊಂದು ತುದಿಗೆ ಒಂದು ಬಕೆಟ್. ಕಣದ ಮೇಲುತುದಿಗೆ ಇನ್ನೊಂದು ಬಕೆಟ್, ಅದು ಸುತ್ತಬೇಕಾದ ಮಾರ್ಕ್.

ಈಗ ಪ್ರತಿಯೊಬ್ಬರೂ ಒಂದೊಂದು ದೋಣಿ. ಬಾಣಕ್ಕೆ ಎದುರಾಗಿ ನೇರ ನಡೆಯುವಂತಿಲ್ಲ, ಓರೆಯಾಗಿಯೇ ನಡೆಯಬೇಕು. ಗಾಳಿ ನಿಮ್ಮ ಬಲಗಡೆಯಿಂದ ಬರುತ್ತಿದ್ದರೆ ನೀವು ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿದ್ದೀರಿ, ಬಲಗೈ ಎತ್ತಿ ನಡೆಯಿರಿ. ಎಡದಿಂದ ಬರುತ್ತಿದ್ದರೆ ಪೋರ್ಟ್ ಟ್ಯಾಕ್, ಎಡಗೈ ಎತ್ತಿ. ಅಷ್ಟಾದರೆ ನಿಯಮಪುಸ್ತಕದ ತಿರುಳು ತಾನಾಗಿಯೇ ಕಾಲಿಗೆ ಬರುತ್ತದೆ.

ವರ್ಲ್ಡ್ ಸೇಲಿಂಗ್ ಸಂಸ್ಥೆಯ ಈಗಿನ ನಿಯಮಗಳು 2025ರಿಂದ 2028ರವರೆಗೆ ಜಾರಿಯಲ್ಲಿವೆ. ಅದರಲ್ಲಿ 10ನೆಯ ನಿಯಮ: ಎಡಗೈ ಎತ್ತಿದವರು ಬಲಗೈ ಎತ್ತಿದವರಿಗೆ ದಾರಿ ಬಿಡಬೇಕು. 11ನೆಯದು: ಇಬ್ಬರದೂ ಒಂದೇ ಕೈ ಮೇಲಿದ್ದು ಅಕ್ಕಪಕ್ಕ ನಡೆಯುತ್ತಿದ್ದರೆ, ಗಾಳಿಯ ಕಡೆ ಇರುವವರು ಆಚೆ ಸರಿಯಬೇಕು. 12: ಹಿಂದಿನವರು ಮುಂದಿನವರನ್ನು ಗುದ್ದುವಂತಿಲ್ಲ. 13: ಟ್ಯಾಕ್ ಮಾಡುತ್ತಿರುವವರಿಗೆ ಆ ಹೊತ್ತಿನಲ್ಲಿ ಯಾವ ಹಕ್ಕೂ ಇಲ್ಲ. 14: ಹಕ್ಕು ನಿಮ್ಮದೇ ಆಗಿದ್ದರೂ ಡಿಕ್ಕಿ ತಪ್ಪಿಸಬೇಕು. ಮಾರ್ಕ್‌ನ ಹತ್ತಿರ, ಮೂರು ದೋಣಿ ಉದ್ದದ ವೃತ್ತ ಮುಟ್ಟುವಾಗ ಅಕ್ಕಪಕ್ಕ ಇದ್ದರೆ ಒಳಗಡೆಯವರಿಗೆ ಸುತ್ತಲು ಜಾಗ ಕೊಡಬೇಕು. ಇದು 18ನೆಯದರ ಸಾರ.

ಕುರ್ಚಿಯ ಬಳಿ ಒಂದು ಸನ್ನಿವೇಶವನ್ನು ಬೇಕೆಂದೇ ಆಡಿ. ಒಬ್ಬರು ಗೆರೆಯ ಕೆಳಗಿಂದ ಬಲಗೈ ಎತ್ತಿ ಕುರ್ಚಿಯನ್ನು ಒರಸಿಕೊಂಡು ಹೋಗುತ್ತಿದ್ದಾರೆ. ಇನ್ನೊಬ್ಬರು ಮೇಲಿನಿಂದ, ಆ ವ್ಯಕ್ತಿಗೂ ಕುರ್ಚಿಗೂ ನಡುವಿನ ಸಂದಿಯಲ್ಲಿ ನುಸುಳಲು ಬರುತ್ತಾರೆ. ನುಸುಳುವವರಿಗೆ ಹಕ್ಕಿಲ್ಲ. ಸ್ಟಾರ್ಟ್ ಹೊತ್ತಿನಲ್ಲಿ ಮಾರ್ಕ್‌ನ ಜಾಗದ ನಿಯಮ ಅಲ್ಲಿ ಅನ್ವಯಿಸುವುದಿಲ್ಲ, ಅವರು ಗಾಳಿಯ ಕಡೆಯವರಾದ್ದರಿಂದ ಸರಿಯಬೇಕು. ಹೊಸಬರ ಡಿಕ್ಕಿಗಳು ಹೆಚ್ಚಾಗಿ ಇಲ್ಲಿಯೇ. ಕಣದಲ್ಲಿ ಭುಜಕ್ಕೆ ಭುಜ ತಾಗಿದರೆ ನಗು, ನೀರಿನಲ್ಲಿ ತಾಗಿದರೆ ಠೇವಣಿ.

ಫೋನಿನಲ್ಲಿ ಐದು ನಿಮಿಷದ ಗಡಿಯಾರ ಇಟ್ಟು, ಸೊನ್ನೆ ಬರುವ ಹೊತ್ತಿಗೆ ಸರಿಯಾಗಿ ಗೆರೆ ದಾಟುವ ಆಟವನ್ನು ಸಾಕಾಗುವಷ್ಟು ಆಡಿ. ಮನೆಯ ಮಕ್ಕಳನ್ನೂ ಸೇರಿಸಿಕೊಂಡರೆ ಗೆರೆ ಇಕ್ಕಟ್ಟಾಗುತ್ತದೆ, ಅಭ್ಯಾಸವೂ ನೈಜವಾಗುತ್ತದೆ.

7. ಹಗ್ಗ, ವಿಂಚ್, ಟ್ಯಾಕ್

ನಾಲ್ಕು ಗಂಟು ಸಾಕು: ಬೋಲೈನ್, ಎಂಟರ ಗಂಟು, ಕ್ಲೀಟ್‌ಗೆ (ಹಗ್ಗ ಬಿಗಿದಿಡುವ ಕೊಕ್ಕೆ) ಕಟ್ಟುವುದು, ಕ್ಲೋವ್ ಹಿಚ್. ಕಣ್ಣು ಮುಚ್ಚಿ ಕಟ್ಟಲು ಬರಬೇಕು.

ವಿಂಚ್ ಅಂದರೆ ಹಗ್ಗ ಸುತ್ತುವ ಉರುಳೆ. ಅದರ ಗುಣ ತಿಳಿಯಲು ಕಣದ ಶೆಡ್ಡಿನ ನಯವಾದ ಕಬ್ಬಿಣದ ಕಂಬಕ್ಕೆ ಹಗ್ಗವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೂರು ಸುತ್ತು ಹಾಕಿ. ಒಂದು ಕಡೆ ಮೂವರು ಎಳೆಯಲಿ, ಇನ್ನೊಂದು ಕಡೆ ಒಬ್ಬರು ಒಂದೇ ಕೈಯಲ್ಲಿ ಹಿಡಿದು ತಡೆಯಬಲ್ಲರು. ಒಂದು ಸುತ್ತು ಬಿಚ್ಚಿ ನೋಡಿ, ಕೈ ನೋಯತೊಡಗುತ್ತದೆ. ಮುಖ್ಯವಾದದ್ದು: ಹಿಡಿದ ಕೈ ಕಂಬದಿಂದ ಒಂದು ಗೇಣು ದೂರ ಇರಲಿ. ಬಿಗಿದ ಹಗ್ಗ ಮತ್ತು ಉರುಳೆಯ ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ಟ್ಯಾಕ್ ನಡೆಯುವುದು ಹೀಗೆ. ಚುಕ್ಕಾಣಿಯವರು "ರೆಡಿ?" ಎನ್ನುತ್ತಾರೆ. ಜಿಬ್‌ನ ಹಳೆಯ ಬದಿಯವರು ಹಗ್ಗವನ್ನು ಕ್ಲೀಟ್‌ನಿಂದ ಬಿಡಿಸಿ ಕೈಯಲ್ಲಿ ಹಿಡಿದು "ಹ್ಞೂಂ" ಎನ್ನಬೇಕು. ಹೊಸ ಬದಿಯವರು ಸಡಿಲ ಹಗ್ಗವನ್ನು ವಿಂಚ್‌ಗೆ ಸುತ್ತಿಟ್ಟು "ಹ್ಞೂಂ" ಎನ್ನಬೇಕು. ಎರಡು ಹ್ಞೂಂ ಕೇಳದೆ ತಿರುಗಬಾರದು. ದೋಣಿ ನಿಧಾನವಾಗಿ ಗಾಳಿಯತ್ತ ತಿರುಗುತ್ತದೆ, ಜಿಬ್‌ನ ಮುಂದಿನ ಅಂಚು ಪಟಪಟ ಬಡಿಯುತ್ತದೆ. ಆ ಕ್ಷಣ ಹಳೆಯ ಬದಿಯ ಹಗ್ಗ ಪೂರ್ತಿ ಬಿಡಬೇಕು. ಅದಕ್ಕೂ ಮೊದಲು ಬಿಟ್ಟರೆ ವೇಗ ಹೋಯಿತು, ತಡವಾದರೆ ಹಾಯಿ ಹಿಂದಕ್ಕೆ ಉಬ್ಬಿ ದೋಣಿಯನ್ನೇ ನಿಲ್ಲಿಸುತ್ತದೆ. ಹೊಸ ಬದಿಯವರು ಗಾಳಿ ತುಂಬುವ ಮೊದಲೇ ಕೈಯಿಂದಲೇ ಸರಸರ ಎಳೆದುಕೊಳ್ಳಬೇಕು. ತುಂಬಿದ ಮೇಲೆ ಹಿಡಿಕೆ ಹಾಕಿ ತಿರುಗಿಸುವುದು ದುಪ್ಪಟ್ಟು ಕೆಲಸ. ಉಳಿದವರು ಬೂಮ್‌ನ, ಅಂದರೆ ದೊಡ್ಡ ಹಾಯಿಯ ತಳದ ಅಡ್ಡಕೋಲಿನ, ಕೆಳಗೆ ಬಗ್ಗಿ ಆಚೆ ಬದಿಗೆ ದಾಟಿ ಗಾಳಿ ಬರುವ ಕಡೆಯ ಅಂಚಿನ ಮೇಲೆ ಕೂರಬೇಕು. ಇದಿಷ್ಟನ್ನೂ ಕಣದಲ್ಲಿ ದೋಣಿಯ ಆಕಾರ ಬರೆದು, ಅದರೊಳಗೆ ನಿಂತು, ಬಾಯಲ್ಲಿ ಹೇಳುತ್ತಾ ಮಾಡಿ.

8. ಪ್ರಯಾಣ, ಊಟ, ಹೊಟ್ಟೆ ತೊಳಸು

ಮುಂಬೈಗೆ ಮಂಗಳೂರಿನಿಂದ ಮತ್ಸ್ಯಗಂಧ ರೈಲು ಒಳ್ಳೆಯದು. ಚೆನ್ನೈಗಾದರೆ ಮೈಸೂರಿನಿಂದ ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣವೂ ಹತ್ತಿರವೇ. ಸ್ಪರ್ಧೆಗೆ ಎರಡು ದಿನ ಮೊದಲು ತಲುಪಿ: ಒಂದು ದಿನ ವಿಶ್ರಾಂತಿಗೆ, ಒಂದು ದಿನ ನೀರಿನ ಮೇಲೆ ಅಭ್ಯಾಸಕ್ಕೆ.

ಮಂಜು ಮಳೆಯ ಊರಿನವರ ಚರ್ಮಕ್ಕೆ ಕಡಲ ಬಿಸಿಲು ಕಠಿಣ. ಉದ್ದ ತೋಳಿನ ಅಂಗಿ, ದಾರ ಕಟ್ಟಿದ ಟೋಪಿ, ಬೆರಳ ತುದಿ ತೆರೆದಿರುವ ಕೈಗವಸು, ಜಾರದ ಅಡಿಯ ಶೂ, ಒಬ್ಬೊಬ್ಬರಿಗೂ ಕುಡಿಯಲು ಮೂರು ಲೀಟರ್ ನೀರು. ಹಿಂದಿನ ರಾತ್ರಿ ಪಂದಿ ಕರಿ ಬೇಡ, ಮದ್ಯ ಬೇಡವೇ ಬೇಡ. ದೋಣಿಯಲ್ಲಂತೂ ಒಂದು ಹನಿಯೂ ಸಲ್ಲ. ದೋಣಿಗೆ ಒಣ ಅಕ್ಕಿ ರೊಟ್ಟಿ, ಬಾಳೆಹಣ್ಣು, ಕಿತ್ತಳೆ ಸಿಕ್ಕರೆ ಕಿತ್ತಳೆ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವವರಿಗೆ ಕಡಲಲ್ಲೂ ಆಗುತ್ತದೆ. ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ, ತೊಳಸು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ನೋಟ ದಿಗಂತದ ಮೇಲಿರಲಿ, ಫೋನ್ ನೋಡಬೇಡಿ.

9. ಸ್ಪರ್ಧೆಯ ಬೆಳಿಗ್ಗೆ

ಸ್ಕಿಪ್ಪರ್‌ಗಳ ಸಭೆಗೆ ಇಬ್ಬರು ಹೋಗಿ, ಬರೆದುಕೊಂಡು ಬನ್ನಿ. ಮುಂಬೈ ಬಂದರಿನಲ್ಲಿ ಉಬ್ಬರ ಇಳಿತದ ಅಂತರ 4 ಮೀಟರ್ ದಾಟುವ ದಿನಗಳಿರುತ್ತವೆ. ಆ ನೀರೆಲ್ಲ ಆರು ಗಂಟೆಯಲ್ಲಿ ಒಳಗೆ ಬಂದು ಆರು ಗಂಟೆಯಲ್ಲಿ ಹೊರಗೆ ಹೋಗಬೇಕಲ್ಲ, ಸೆಳೆತ ಸಣ್ಣದಲ್ಲ. ಉಬ್ಬರ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂದು ಕೈಯ ಮೇಲೆ ಬರೆದುಕೊಳ್ಳಿ. ಲಂಗರು ಹಾಕಿದ ಹಡಗಿನ ಅಥವಾ ತೇಲುಗುರುತಿನ ಪಕ್ಕ ನೀರು ಯಾವ ಕಡೆ ಸುಳಿ ಬಿಟ್ಟಿದೆ ನೋಡಿದರೆ ಸೆಳೆತದ ದಿಕ್ಕು ಕಣ್ಣಿಗೇ ಕಾಣುತ್ತದೆ.

ಗಾಳಿ 8ರಿಂದ 12 ನಾಟ್ (ಗಂಟೆಗೆ ಸುಮಾರು 15ರಿಂದ 22 ಕಿ.ಮೀ.) ಇದ್ದರೆ ಹೊಸಬರಿಗೆ ಹಬ್ಬ. ಅಲೆಗಳ ಮೇಲೆಲ್ಲ ಬಿಳಿ ನೊರೆ ಎದ್ದಿದ್ದರೆ ಅದಕ್ಕಿಂತ ಹೆಚ್ಚಿದೆ ಎಂದು ತಿಳಿಯಿರಿ. ಸ್ಪಿನೇಕರ್ ಚೀಲದೊಳಗೇ ಇರಲಿ. ಇಳಿಯಬೇಕೇ ಬೇಡವೇ ಎಂಬ ತೀರ್ಮಾನ ನಿಯಮದ ಪ್ರಕಾರ ನಿಮ್ಮದೇ. ವಾಪಸ್ ಬರುವುದರಲ್ಲಿ ಅವಮಾನ ಏನೂ ಇಲ್ಲ.

10. ಆ ಐದು ನಿಮಿಷ

ಗೆರೆಗೆ ಅರ್ಧ ಗಂಟೆ ಮೊದಲೇ ಹೋಗಿ. ಗೆರೆಯ ನಡುವೆ ನಿಂತು ದೋಣಿಯನ್ನು ಗಾಳಿಗೆ ನೇರ ಮುಖ ಮಾಡಿ. ಮೂತಿ ಯಾವ ತುದಿಯ ಕಡೆಗೆ ಹೆಚ್ಚು ವಾಲಿದೆಯೋ ಆ ತುದಿ ಗಾಳಿಗೆ ಹತ್ತಿರ, ಅಲ್ಲಿಂದ ಹೊರಟವರಿಗೆ ಲಾಭ. ಆಮೇಲೆ ಗೆರೆಯ ಹೊರಗೆ, ಸ್ಪರ್ಧೆ ನಡೆಸುವವರ ದೋಣಿಯ ಹಿಂಬದಿಯಿಂದ ಎರಡೂ ತುದಿಗಳನ್ನು ಒಂದೇ ನೇರಕ್ಕೆ ತಂದು, ಆಚೆ ದಡದಲ್ಲಿ ಅದೇ ನೇರದಲ್ಲಿ ಏನಿದೆ ನೋಡಿಟ್ಟುಕೊಳ್ಳಿ: ಒಂದು ಗೋಪುರ, ಒಂದು ಕ್ರೇನ್. ಗೆರೆಯ ನಡುವೆ ಇದ್ದಾಗ ನೀವು ದಾಟಿದ್ದೀರಾ ಇಲ್ಲವಾ ಎಂದು ಹೇಳುವುದು ಆ ಕ್ರೇನ್ ಮಾತ್ರ. ಇದನ್ನು ನೋಡಿಕೊಳ್ಳದವರು ಭಯಕ್ಕೆ ಎರಡು ಮೂರು ದೋಣಿಯಷ್ಟು ಹಿಂದೆಯೇ ಉಳಿಯುತ್ತಾರೆ.

ಐದು ನಿಮಿಷ ಇರುವಾಗ ನಿಮ್ಮ ವರ್ಗದ ಬಾವುಟ ಏರುತ್ತದೆ, ಜೊತೆಗೊಂದು ಸದ್ದು. ಗಡಿಯಾರವನ್ನು ಬಾವುಟ ನೋಡಿ ಒತ್ತಿ. ಸದ್ದು ತಡವಾಗಿ ಕೇಳಬಹುದು, ಲೆಕ್ಕಕ್ಕೆ ಬರುವುದು ಬಾವುಟ. ನಾಲ್ಕಕ್ಕೆ ಎರಡನೆಯ ಬಾವುಟ. ಅದು ಯಾವುದು ಎಂದು ಮೂತಿಯವರು ಕೂಗಿ ಹೇಳಲಿ. ಪಿ ಆದರೆ ಬೇಗ ದಾಟಿದವರು ವಾಪಸ್ ಬಂದು ಮತ್ತೆ ಹೊರಡಬಹುದು. ಐ ಆದರೆ ಕೊನೆಯ ನಿಮಿಷದಲ್ಲಿ ದಾಟಿದವರು ಗೆರೆಯ ತುದಿಯನ್ನು ಸುತ್ತಿಯೇ ಬರಬೇಕು. ಯು ಅಥವಾ ಕಪ್ಪು ಬಾವುಟ ಇದ್ದರೆ ಆ ಕೊನೆಯ ನಿಮಿಷದಲ್ಲಿ ಗೆರೆಯ ಎರಡು ತುದಿಗೂ ಮೊದಲ ಮಾರ್ಕ್‌ಗೂ ನಡುವಿನ ತ್ರಿಕೋನಕ್ಕೆ ಕಾಲಿಟ್ಟವರ ಸ್ಪರ್ಧೆ ಮುಗಿದಂತೆಯೇ.

ಮೂರು ನಿಮಿಷ ಇರುವಾಗ ಗುಂಪಿನಿಂದ ದೂರ ಇರಿ. ಎರಡಕ್ಕೆ, ಎಲ್ಲಿ ಹೊರಡಬೇಕೆಂದು ಅಂತಿಮ ಮಾಡಿ. ಮೊದಲ ಸಲಕ್ಕೆ ನನ್ನ ಸಲಹೆ: ಸ್ಪರ್ಧೆ ನಡೆಸುವವರ ದೋಣಿಯ ಬಳಿ ಎಲ್ಲರೂ ಮುಗಿಬೀಳುತ್ತಾರೆ, ಅದನ್ನು ಬಿಟ್ಟುಕೊಡಿ. ಗೆರೆಯ ಮೂರನೇ ಒಂದು ಭಾಗ ಕೆಳಕ್ಕೆ, ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ, ನಿಮ್ಮ ಕೆಳಬದಿಗೆ ಒಂದು ದೋಣಿಯಷ್ಟು ಖಾಲಿ ನೀರು ಇಟ್ಟುಕೊಂಡು ನಿಧಾನಕ್ಕೆ ಬನ್ನಿ. ಆ ಖಾಲಿ ಜಾಗ ಕೊನೆಯಲ್ಲಿ ವೇಗ ತೆಗೆಯಲು ಬೇಕು.

ಒಂದು ನಿಮಿಷಕ್ಕೆ ಎರಡನೆಯ ಬಾವುಟ ಇಳಿಯುತ್ತದೆ. ಇನ್ನು ದೋಣಿಯಲ್ಲಿ ಎರಡೇ ದನಿ ಇರಬೇಕು. ಒಬ್ಬರು ಸೆಕೆಂಡು ಎಣಿಸುತ್ತಾರೆ. ಮೂತಿಯವರು ಕೈಬೆರಳಿನಲ್ಲಿ ಗೆರೆಗೆ ಎಷ್ಟು ದೋಣಿಯುದ್ದ ದೂರ ಎಂದು ತೋರಿಸುತ್ತಾರೆ. ಹಾಯಿಗಳು ಸಡಿಲವಾಗಿ ಬಡಿಯುತ್ತಿರಲಿ. ಹದಿನೈದು ಸೆಕೆಂಡು ಇರುವಾಗ ಚುಕ್ಕಾಣಿಯವರು "ಎಳೀರಿ" ಎಂದ ಕೂಡಲೇ ಮೇನ್, ಜಿಬ್ ಎರಡೂ ಒಟ್ಟಿಗೆ ಒಳಕ್ಕೆ. ದೋಣಿ ಒಂದು ಬದಿಗೆ ವಾಲುತ್ತದೆ, ಎಲ್ಲರೂ ಮೇಲಂಚಿಗೆ. ಸೊನ್ನೆಗೆ ಬಾವುಟ ಇಳಿದಾಗ ನೀವು ಗೆರೆಯ ಮೇಲೆ, ಪೂರ್ತಿ ವೇಗದಲ್ಲಿ ಇದ್ದರೆ ಆ ದಿನದ ದೊಡ್ಡ ಕೆಲಸ ಮುಗಿಯಿತು.

ಎಕ್ಸ್ ಬಾವುಟ ಏರಿ ಸದ್ದಾದರೆ ಯಾರೋ ಬೇಗ ದಾಟಿದ್ದಾರೆ. ನಿಮಗೇ ಅನುಮಾನ ಇದ್ದರೆ, ಬೇರೆಯವರಿಗೆ ಅಡ್ಡಬಾರದೆ ವಾಪಸ್ ಹೋಗಿ ಬನ್ನಿ. ಹಳದಿ ನೀಲಿಯ ಮೊದಲ ಬದಲಿ ಬಾವುಟ ಏರಿದರೆ ಎಲ್ಲರಿಗೂ ಮತ್ತೆ ಹೊಸ ಸ್ಟಾರ್ಟ್.

11. ಮೇಲೆ, ಸುತ್ತಿ, ಕೆಳಗೆ

ಮುಂದಿನ ದೋಣಿಯ ಹಾಯಿ ಕಲಕಿಬಿಟ್ಟ ಗಾಳಿಯಲ್ಲಿ ಸಿಕ್ಕಿಕೊಂಡರೆ ವೇಗ ಸತ್ತುಹೋಗುತ್ತದೆ. ಒಂದು ಟ್ಯಾಕ್ ಮಾಡಿ ಹೊರಗೆ ಬನ್ನಿ. ಹಾಗೆಂದು ಪದೇ ಪದೇ ಟ್ಯಾಕ್ ಮಾಡಬೇಡಿ. ಹೊಸ ಗುಂಪಿಗೆ ಪ್ರತಿ ಟ್ಯಾಕ್‌ಗೂ ಒಂದೆರಡು ದೋಣಿಯುದ್ದ ನಷ್ಟ. ಮೇಲಿನ ಮಾರ್ಕ್ ಸಾಮಾನ್ಯವಾಗಿ ಎಡಕ್ಕೆ ಬಿಟ್ಟು ಸುತ್ತುವುದು, ಆದ್ದರಿಂದ ಅಲ್ಲಿಗೆ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲೇ ಬನ್ನಿ. ಪೋರ್ಟ್‌ನಲ್ಲಿ ಬಂದರೆ ಸಾಲುಗಟ್ಟಿ ಬರುವ ದೋಣಿಗಳ ನಡುವೆ ಸಂದಿ ಸಿಗುವುದಿಲ್ಲ.

ಕೆಳಮುಖವಾಗಿ ಹೋಗುವಾಗ ಗಾಳಿ ಹಿಂದಿನಿಂದ. ಸುಖ ಅನ್ನಿಸುತ್ತದೆ, ಆದರೆ ಅಪಾಯ ಇಲ್ಲೇ ಹೆಚ್ಚು. ದೋಣಿಯ ಹಿಂಭಾಗ ಗಾಳಿಯನ್ನು ದಾಟಿದರೆ ಬೂಮ್ ಒಂದು ಬದಿಯಿಂದ ಇನ್ನೊಂದು ಬದಿಗೆ ರಪ್ಪನೆ ಬೀಸುತ್ತದೆ, ತಲೆಗೆ ಬಡಿದರೆ ಪ್ರಾಣಕ್ಕೇ ಸಂಚಕಾರ. ಈ ತಿರುವಿನ ಹೆಸರು ಜೈಬ್. "ಜೈಬ್!" ಎಂಬ ಕೂಗು ಕೇಳಿದ ಕೂಡಲೇ ಯಾರನ್ನೂ ನೋಡದೆ ತಲೆ ತಗ್ಗಿಸಿ.

ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಕೈಚಾಚಿ ಅವರತ್ತ ತೋರಿಸುತ್ತಲೇ ಇರಬೇಕು, ಒಂದು ಕ್ಷಣವೂ ಕಣ್ಣು ತೆಗೆಯಬಾರದು. ಬೇರೆ ದೋಣಿಯವರು ಬಿದ್ದಿದ್ದರೂ ಸ್ಪರ್ಧೆ ಬಿಟ್ಟು ಹೋಗಿ. ಅಪಾಯದಲ್ಲಿರುವವರಿಗೆ ನೆರವಾಗುವುದು ನಿಯಮಪುಸ್ತಕದ 1ನೆಯ ನಿಯಮ. ಹಾಗೆ ಕಳೆದುಕೊಂಡ ಸ್ಥಾನಕ್ಕೆ ಪರಿಹಾರ ಕೇಳುವ ಅವಕಾಶವೂ ಇದೆ.

12. ಅಂಪೈರ್ ಇಲ್ಲದ ಆಟ

ಹಾಕಿ ಮೈದಾನದಲ್ಲಿ ಸೀಟಿ ಊದುವವರಿರುತ್ತಾರೆ. ಇಲ್ಲಿ ನೀವು ತಪ್ಪಿದರೆ ನೀವೇ ದಂಡ ಕಟ್ಟಬೇಕು, ಯಾರೂ ನೋಡದಿದ್ದರೂ. ಮಾರ್ಕ್ ಮುಟ್ಟಿದರೆ ಒಂದು ಸುತ್ತು, ಅಂದರೆ ಒಂದು ಟ್ಯಾಕ್, ಒಂದು ಜೈಬ್. ಬೇರೆ ದೋಣಿಗೆ ದಾರಿ ಬಿಡದೆ ತಪ್ಪು ಮಾಡಿದರೆ ಎರಡು ಸುತ್ತು. ಈ ಕ್ರೀಡೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಮುಂಚೂಣಿಯಲ್ಲಿರುವ ದೋಣಿಯೊಂದು ತಾನಾಗಿ ಪಕ್ಕಕ್ಕೆ ಸರಿದು ಎರಡು ಸುತ್ತು ತಿರುಗಿ, ಹಿಂದೆ ಬಿದ್ದು, ಮತ್ತೆ ಓಟ ಹಿಡಿಯುವುದನ್ನು ನೋಡುವಾಗ ಮನಸ್ಸು ತುಂಬುತ್ತದೆ.

ಬೇರೆಯವರು ತಪ್ಪಿ ಸುತ್ತು ಹಾಕದಿದ್ದರೆ ಕೂಡಲೇ "ಪ್ರೊಟೆಸ್ಟ್" ಎಂದು ಕೂಗಿ, ಕೆಂಪು ಬಾವುಟ ತೋರಿಸಿ, ದಡಕ್ಕೆ ಬಂದು ನಿಗದಿತ ಸಮಯದೊಳಗೆ ಬರೆದುಕೊಡಬೇಕು. ಹಕ್ಕು ಕೇಳಲು "ಸ್ಟಾರ್‌ಬೋರ್ಡ್!" ಎಂದು ಕೂಗಿ. ನಿಮ್ಮೊಳಗೆ ಕನ್ನಡವೋ ಕೊಡವ ತಕ್ಕೋ ನಡೆಯಲಿ, ಆದರೆ ಬೇರೆ ದೋಣಿಗೆ ಕೂಗುವ ಈ ಮಾತುಗಳು ಎಲ್ಲರಿಗೂ ತಿಳಿಯುವಂತಿರಬೇಕು.

ಅಂಕದ ಲೆಕ್ಕ ಸರಳ. ಮೊದಲ ಸ್ಥಾನಕ್ಕೆ 1, ಎರಡಕ್ಕೆ 2. ಒಟ್ಟು ಕಡಿಮೆ ಇದ್ದವರು ಗೆದ್ದಂತೆ. ಮುಗಿಸದಿದ್ದರೆ ಹೆಸರು ಕೊಟ್ಟ ದೋಣಿಗಳ ಸಂಖ್ಯೆಗಿಂತ ಒಂದು ಹೆಚ್ಚು. ಅತಿ ಕೆಟ್ಟ ಒಂದು ಓಟವನ್ನು ಸಾಮಾನ್ಯವಾಗಿ ಲೆಕ್ಕದಿಂದ ಬಿಡುತ್ತಾರೆ. ಕೊನೆಯವರಾಗಿಯಾದರೂ ಪ್ರತಿ ಓಟ ಮುಗಿಸುವ ಗುಂಪು ಪಟ್ಟಿಯಲ್ಲಿ ತಾನಾಗಿ ಮೇಲೇರುತ್ತದೆ.

13. ದಡ ಸೇರಿದ ಮೇಲೆ

ಮೊದಲು ದೋಣಿ, ಆಮೇಲೆ ಚಹಾ. ಉಪ್ಪು ನೀರು ತಾಗಿದ ವಿಂಚ್, ರಾಟೆ, ಹಗ್ಗ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಹಾಯಿಗಳನ್ನು ಒಣಗಿಸಿ, ಇಬ್ಬರು ಎರಡು ತುದಿ ಹಿಡಿದು ಮಡಿಕೆ ಹಾಕಿ ಚೀಲಕ್ಕಿಡಿ. ಏನಾದರೂ ಮುರಿದಿದ್ದರೆ, ಹರಿದಿದ್ದರೆ ಕ್ಲಬ್‌ನವರು ಕಂಡುಹಿಡಿಯುವ ಮೊದಲು ನೀವೇ ತೋರಿಸಿ. ಹಾಗೆ ಮಾಡಿದ ಗುಂಪಿಗೆ ಮುಂದಿನ ಸಲ ದೋಣಿ ಸಿಗುತ್ತದೆ.

ಬಿಸಿಲಿನಲ್ಲಿ ಲಂಗರು ಹಾಕಿ ಇಡೀ ದಿನ ಬಾವುಟ ಏರಿಸಿ ಇಳಿಸಿದ ಸ್ವಯಂಸೇವಕರನ್ನು ಹುಡುಕಿ ಮಾತಾಡಿಸಿ. ಒಂದೊಂದು ಪೊಟ್ಟಣ ಮನೆಯ ಕಾಫಿಪುಡಿ ಕೊಂಡುಹೋಗಿದ್ದರೆ ಕೊಡಲು ಇದೇ ಸರಿಯಾದ ಹೊತ್ತು. ಮುಂದಿನ ರೆಗಾಟಾದಲ್ಲಿ ನಿಮ್ಮ ಆರನೆಯವರು ಒಂದು ದಿನ ಅವರ ದೋಣಿಯಲ್ಲಿ ಸಹಾಯಕ್ಕೆ ಕೂರಬಹುದೇ ಎಂದು ಕೇಳಿ. ಇಪ್ಪತ್ತು ದೋಣಿಗಳ ಸ್ಟಾರ್ಟನ್ನು ಗೆರೆಯ ತುದಿಯಿಂದ ನೋಡಿದವರಿಗೆ ಕಣದಲ್ಲಿ ಉಳಿದವರಿಗೆ ಕಲಿಸಲು ಬಹಳ ಇರುತ್ತದೆ.

ಊರಿಗೆ ಹೊರಡುವ ಮೊದಲು ಠೇವಣಿಯ ಲೆಕ್ಕ ಮುಗಿಸಿ ರಸೀದಿ ಪಡೆಯಿರಿ, ಮುಂದಿನ ವರ್ಷದ ದಿನಾಂಕ ಯಾವಾಗ ಪ್ರಕಟವಾಗುತ್ತದೆ ಎಂದು ಕಾರ್ಯದರ್ಶಿಯನ್ನು ಕೇಳಿ ಬರೆದುಕೊಳ್ಳಿ.